ಮೂರನೇ ಜ್ವರದ ಕೆಳಗೆ ಒಂದು ಅಂಕಪಟ್ಟಿ

ಕಾಗದವೇ ಇಲ್ಲದ ಮನೆ ಮಾಡಬೇಕು ಎಂಬ ಮಹದಾಸೆ ನನ್ನಲ್ಲಿ ಹುಟ್ಟಿದ್ದು ಬಿಡದಿಯ ಫ್ಯಾಕ್ಟರಿಯೊಂದರ ತರಬೇತಿ ಕೋಣೆಯಲ್ಲಿ, ಮಧ್ಯಾಹ್ನದ ಊಟವಾದ ಮೇಲೆ. ಊಟವಾದ ಮೇಲೆ ಹುಟ್ಟುವ ಆಸೆಗಳನ್ನು ನಂಬಬಾರದು ಎಂದು ಆಗ ನನಗೆ ಯಾರೂ ಹೇಳಿರಲಿಲ್ಲ.

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಆರು ತಿಂಗಳಿಗೊಂದು ಹೊಸ ಶೆಡ್ಡು ಏಳುತ್ತಿದ್ದ ಕಾಲ ಅದು. ಕಾರಿನ ಬಿಡಿಭಾಗ ತಯಾರಿಸುವ ಫ್ಯಾಕ್ಟರಿಯಲ್ಲಿ ನಾನು ದಾಖಲೆ ವಿಭಾಗದ ಗುಮಾಸ್ತ. ಅಕ್ಕೂರಿನ ನಮ್ಮ ಮನೆಯಿಂದ ಬೆಳಿಗ್ಗೆ ಬೈಕಿನಲ್ಲಿ ಚನ್ನಪಟ್ಟಣಕ್ಕೆ ಬಂದು, ಅಲ್ಲಿಂದ ಕಂಪನಿ ಬಸ್ಸು ಹತ್ತುತ್ತಿದ್ದೆ. ಮೈಮೇಲೆ ನೀಲಿ ಅಂಗಿ, ಕೊರಳಲ್ಲಿ ಫೋಟೊ ಇರುವ ಬಿಲ್ಲೆ. ಊರಿನಲ್ಲಿ ಯಾರಿಗಾದರೂ ಅರ್ಜಿ ತುಂಬಬೇಕಾದರೆ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಹೀಗಾಗಿ ಕಾಗದ ಪತ್ರದ ವಿಷಯದಲ್ಲಿ ನಾನೊಬ್ಬ ತಜ್ಞ ಎಂದು ಊರೂ ನಂಬಿತ್ತು, ನಾನೂ ನಂಬಿದ್ದೆ.

ಆ ವರ್ಷ ಕಂಪನಿಯವರು ನಮಗೆಲ್ಲ ಎರಡು ದಿನದ ತರಬೇತಿ ಇಟ್ಟರು. ಒಂದು ವರ್ಷದಿಂದ ಯಾರೂ ಮುಟ್ಟದ ವಸ್ತುವಿಗೆ ಕೆಂಪು ಚೀಟಿ ಅಂಟಿಸಬೇಕು. ಕೆಂಪು ಚೀಟಿ ಬಿದ್ದದ್ದನ್ನು ಹೊರಗೆ ಹಾಕಬೇಕು. ಕಾಗದಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸಿ ಬೀರು ಖಾಲಿ ಮಾಡಬೇಕು. ಇದು ಮೊದಲ ದಿನದ ಪಾಠ. ಸ್ಕ್ಯಾನ್ ಮಾಡಿದರೂ ಯಾವ ಯಾವ ಕಾಗದದ ಮೂಲಪ್ರತಿಯನ್ನು ಪ್ರಾಣ ಹೋದರೂ ಬಿಡಬಾರದು ಎಂಬುದು ಎರಡನೇ ದಿನದ ಪಾಠ. ಎರಡನೇ ದಿನ ನಾನು ರಜೆ ಹಾಕಿದ್ದೆ.

ಕಂಪನಿಯಲ್ಲಿ ಹಳೆಯ ಕಂಪ್ಯೂಟರುಗಳನ್ನು ನೌಕರರಿಗೆ ಅಗ್ಗಕ್ಕೆ ಕೊಟ್ಟಾಗ ನಾನೊಂದು ಕೊಂಡೆ. ಜೊತೆಗೆ ಇಡ್ಲಿ ಪಾತ್ರೆಯಷ್ಟು ಸದ್ದು ಮಾಡುವ ಒಂದು ಸ್ಕ್ಯಾನರನ್ನೂ ಕೊಟ್ಟರು. ಮನೆಗೆ ತಂದು ನಡುಮನೆಯ ಮೇಜಿನ ಮೇಲೆ ಪ್ರತಿಷ್ಠಾಪನೆ ಮಾಡಿದೆ. ಅಟ್ಟದಿಂದ ಕಬ್ಬಿಣದ ಟ್ರಂಕು ಇಳಿಸಿದೆ. ಅದರಲ್ಲಿ ನಮ್ಮ ಮನೆತನದ ಸಮಸ್ತ ಇತಿಹಾಸ ಅಡಗಿತ್ತು. ಕಂದಾಯದ ರಸೀದಿ, ಕರೆಂಟು ಬಿಲ್ಲು, ಗೊಬ್ಬರದ ಚೀಟಿ, ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಬಿಳಿ ಚೀಟಿಗಳು, ಸತ್ತುಹೋದ ಎಮ್ಮೆಯ ವಿಮೆ ಪತ್ರ, ನಡೆಯದೆ ನಿಂತುಹೋದ ಯಾರದೋ ಮದುವೆಯ ಕರೆಯೋಲೆ. ಟ್ರಂಕಿಗೆ ಮೊದಲ ಕೆಂಪು ಚೀಟಿ ಅಂಟಿಸಿದೆ. ಆಮೇಲೆ ಒನಕೆಗೆ, ಮುರಿದ ಕುರ್ಚಿಗೆ, ಹಳೆಯ ರೇಡಿಯೊಗೆ ಅಂಟಿಸುತ್ತಾ ಜಗಲಿಗೆ ಬಂದೆ. ಅಲ್ಲಿ ಕೂತಿದ್ದ ನಮ್ಮವ್ವ ಎಲ್ಲವನ್ನೂ ನೋಡಿ, ಬೆನ್ನು ತಿರುಗಿಸಿ ಕೊಟ್ಟಳು.

"ನಂಗೂ ಒಂದ್ ಅಂಟ್ಸ್ಬುಡು ಕಣ್ಲಾ. ನನ್ನೂ ಯಾರೂ ಮುಟ್ದೆ ವರ್ಸ ಆಯ್ತು."

ಕೆಂಪು ಚೀಟಿಯ ಕಾರ್ಯಕ್ರಮ ಅಲ್ಲಿಗೆ ಮುಕ್ತಾಯವಾಯಿತು. ಸ್ಕ್ಯಾನಿಂಗ್ ಕಾರ್ಯಕ್ರಮ ಮುಂದುವರಿಯಿತು. ಜಮೀನಿನ ಪತ್ರಗಳನ್ನು ಕೇಳಿದಾಗ ಅವ್ವ ಅವನ್ನು ತನ್ನ ದಿಂಬಿನ ಹೊದಿಕೆಯೊಳಗೆ ತುಂಬಿ, ಅದರ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಆ ದಿಂಬಿಗೆ ಇವತ್ತಿಗೂ ನಾನು ಋಣಿ.

ಈಗ ನನ್ನ ಹೆಂಡತಿ ಭಾಗ್ಯಳ ವಿಷಯ ಹೇಳಬೇಕು. ಈ ಕಥೆಯಲ್ಲಿ ನನ್ನದು ಹೋಗಿದ್ದು ಮಾನ ಮಾತ್ರ. ಅವಳದು ಹೋಗಬಹುದಾಗಿದ್ದದ್ದು ಬದುಕಿನ ಒಂದೇ ಒಂದು ಆಸೆ.

ಭಾಗ್ಯ ಮಾಗಡಿ ಕಡೆಯವಳು. ಅವಳ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮುಟ್ಟಿದ ಮೊದಲ ಹೆಣ್ಣು. ದಿನಾ ಐದು ಮೈಲಿ ನಡೆದು ಹೈಸ್ಕೂಲಿಗೆ ಹೋಗಿ ಮೊದಲ ದರ್ಜೆಯಲ್ಲಿ ಪಾಸಾದಳು. ಪಾಸಾದ ವರ್ಷವೇ ನನಗೆ ಕೊಟ್ಟು ಮದುವೆ ಮಾಡಿದರು. ಅಲ್ಲಿಂದ ಹನ್ನೊಂದು ವರ್ಷ ಅವಳು ಅತ್ತೆ, ಗಂಡ, ಎರಡು ಮಕ್ಕಳು, ಹಿಪ್ಪುನೇರಳೆ ತೋಟ ಎಂದು ಓಡಾಡಿಕೊಂಡಿದ್ದಳು. ಊರಿನ ಅಂಗನವಾಡಿ ಟೀಚರ್ ನಿವೃತ್ತರಾಗುತ್ತಾರೆ ಎಂದು ತಿಳಿದ ದಿನ ಮಾತ್ರ ಅವಳ ಮುಖವೇ ಬೇರೆಯಾಗಿತ್ತು. ಆ ಕೆಲಸಕ್ಕೆ ಅದೇ ಊರಿನ, ಎಸ್ಸೆಸ್ಸೆಲ್ಸಿ ಪಾಸಾದ ಹೆಂಗಸು ಬೇಕು. ಹೆಚ್ಚು ಅಂಕ ಇದ್ದವರಿಗೆ ಆದ್ಯತೆ. ಭಾಗ್ಯ ಝೆರಾಕ್ಸ್ ಲಗತ್ತಿಸಿ ಅರ್ಜಿ ಹಾಕಿದಳು. ಮೂಲ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಕವರನ್ನು ಸೀರೆಯ ಮಡಿಕೆಯಲ್ಲಿಟ್ಟು, ಸೀರೆಯನ್ನು ಬೀರುವಿನ ತಳದಲ್ಲಿ ಇಟ್ಟಳು.

ಅದನ್ನು ಅಲ್ಲಿಂದ ತೆಗೆಸಿದವನು ನಾನು. ಕಂಪ್ಯೂಟರಿನಲ್ಲಿದ್ದರೆ ಗೆದ್ದಲು ತಿನ್ನುವುದಿಲ್ಲ, ಇಲಿ ಕಡಿಯುವುದಿಲ್ಲ, ಸಾವಿರ ವರ್ಷ ಹಾಗೇ ಇರುತ್ತದೆ ಎಂದು ಒಂದು ಗಂಟೆ ಭಾಷಣ ಮಾಡಿದೆ. ಭಾಗ್ಯ ತಂಗಿಯ ಮಗುವಿನ ನಾಮಕರಣಕ್ಕೆ ತವರಿಗೆ ಹೊರಟಿದ್ದಳು. ಬಸ್ಸಿಗೆ ಹೊತ್ತಾಗಿತ್ತು. ಅರೆಮನಸ್ಸಿನಿಂದ ಕವರು ತೆಗೆದು ನನ್ನ ಕೈಗಿಟ್ಟು, "ಆದ್ಮೇಲೆ ಇದ್ದಂಗೇ ಸೀರೇಲಿ ಇಟ್ಬುಡಿ" ಎಂದು ಮೂರು ಸಲ ಹೇಳಿದಳು. ನಾನು ಮೂರು ಸಲವೂ ತಲೆಯಾಡಿಸಿದೆ.

ಅವಳು ಹೋದ ಮೂರು ದಿನ ನಾನು ಕರೆಂಟು ಇದ್ದಾಗಲೆಲ್ಲ ಸ್ಕ್ಯಾನ್ ಮಾಡಿದೆ. ಕರೆಂಟು ಇರುತ್ತಿದ್ದದ್ದೇ ಅಪರೂಪ. ಒಂದು ರಸೀದಿ ಅರ್ಧ ಆಗಿರುವಾಗ ಹೋದರೆ, ಉಳಿದ ಅರ್ಧಕ್ಕೆ ಸಂಜೆವರೆಗೆ ಕಾಯಬೇಕು. ಇನ್ನೊಂದು ತೊಡಕೂ ಎದುರಾಯಿತು. ಚೆನ್ನಾಗಿ ಕಾಣುವಂತೆ ಸ್ಕ್ಯಾನ್ ಮಾಡಿದರೆ, ಅದನ್ನು ತುಂಬಿಸಿಡುವ ಒಂದು ಫ್ಲಾಪಿಗೆ ಒಂದೇ ಕಾಗದ ಹಿಡಿಯುತ್ತಿತ್ತು. ನನ್ನ ಹತ್ತಿರ ಇದ್ದದ್ದು ನಾಲ್ಕು ಫ್ಲಾಪಿ, ಟ್ರಂಕಿನಲ್ಲಿದ್ದದ್ದು ಮುನ್ನೂರು ಕಾಗದ. ನಾನು ಬುದ್ಧಿವಂತ. ಯಂತ್ರದ ಸೂಕ್ಷ್ಮತೆಯನ್ನು ಇಳಿಸಬಹುದಾದಷ್ಟು ಇಳಿಸಿದೆ. ಆಹಾ! ಇಡೀ ಮನೆತನ ನಾಲ್ಕು ಫ್ಲಾಪಿಗಳಲ್ಲಿ ಕೂತು, ಒಂದರಲ್ಲಿ ಒಸಿ ಜಾಗವೂ ಮಿಕ್ಕಿತು.

ಸ್ಕ್ಯಾನ್ ಆದದ್ದನ್ನು ಬಲಗಡೆ ಪೇರಿಸುತ್ತಿದ್ದೆ. ಪ್ಲಾಸ್ಟಿಕ್ ಕವರು ಹೊಳೆಯುತ್ತದೆಂದು ಅಂಕಪಟ್ಟಿಯನ್ನು ಅದರಿಂದ ಹೊರಗೆ ತೆಗೆದಿದ್ದೆ. ಕೆಲಸ ಆದ ಮೇಲೆ ಅದೂ ಬಲಗಡೆಗೇ ಹೋಯಿತು, ಎಮ್ಮೆಯ ವಿಮೆ ಪತ್ರದ ಮೇಲೆ. ಖಾಲಿ ಕವರನ್ನು ಮಾತ್ರ ಬಲು ಜೋಪಾನವಾಗಿ ಸೀರೆಯ ಮಡಿಕೆಯಲ್ಲಿಟ್ಟೆ.

ಮೂರನೇ ದಿನ ಪಕ್ಕದ ಮನೆಯ ಕೆಂಪಮ್ಮ ಬಂದಳು. ಕೆಂಪಮ್ಮ ನಮ್ಮವ್ವನಿಗಿಂತ ಹತ್ತು ವರ್ಷ ಚಿಕ್ಕವಳು, ಸಂಬಂಧದಲ್ಲಿ ನನಗೆ ಚಿಕ್ಕಮ್ಮ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ರೇಷ್ಮೆ ಹುಳ ಸಾಕುವುದರಲ್ಲಿ ಸುತ್ತ ಏಳು ಹಳ್ಳಿಗೆ ಅವಳೇ ಮೇಷ್ಟ್ರು. ಹುಳ ಮೇಯಿಸುವ ಅವಳ ಬಿದಿರಿನ ತಟ್ಟೆಗಳು ಹಳತಾಗಿ ಸಂದಿ ಬಿಟ್ಟಿದ್ದವು. ಒಳಗೆ ಸಗಣಿ ಸಾರಿಸಿ, ಹೊರಗಡೆಯಿಂದ ತಳಕ್ಕೆ ಕಾಗದ ಅಂಟಿಸಿದರೆ ಇನ್ನೊಂದು ವರ್ಷ ಬರುತ್ತವೆ. ಅದಕ್ಕೆ ಒಸಿ ಹಳೇ ಪೇಪರ್ ಇದ್ದರೆ ಕೊಡು ಎಂದು ಕೇಳಿದಳು. ನಾನು ಬಲಗಡೆಯ ಪೇರಿಯನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮಡಿಲಿಗೆ ಸುರಿದೆ.

ಜಗಲಿಯಿಂದ ಅವ್ವ, ಮೊಹರು ಇರೋ ಕಾಗದಾನ ಕೊಡಬ್ಯಾಡ ಕಣ್ಲಾ ಎಂದಳು. ನಾನು ಅವ್ವನಿಗೆ ಕಾಲ ಬದಲಾಗಿದೆ ಎಂಬುದನ್ನು ಸಮಾಧಾನವಾಗಿ ವಿವರಿಸಿದೆ. ಕೆಂಪಮ್ಮನೂ ಅನುಮಾನಿಸಿದಳು. ಇಷ್ಟೊಂದು ಅಕ್ಷರ ಇರೋದನ್ನ ಅಂಟಿಸಬಹುದಾ ಎಂದು ಕೇಳಿದಳು. ಇವೆಲ್ಲ ಇನ್ನು ಬರೀ ಹೊಟ್ಟು, ಕಾಳು ಕಂಪ್ಯೂಟರಿನಲ್ಲಿದೆ ಎಂದೆ. ಈ ಉಪಮೆ ನನಗೇ ಬಹಳ ಮೆಚ್ಚುಗೆಯಾಗಿ ಇನ್ನೊಂದು ಸಲ ಹೇಳಿದೆ.

ಭಾಗ್ಯ ತವರಿಂದ ಬರುವುದು ಎರಡು ದಿನ ತಡವಾಯಿತು, ಬಂದವಳಿಗೆ ತೋಟದ ಕೆಲಸ ಕಾದಿತ್ತು. ಸೀರೆಯ ಮಡಿಕೆಯ ಮೇಲೆ ಕೈಯಾಡಿಸಿ, ಕವರು ಸಿಕ್ಕಿದ್ದರಿಂದ ಸಮಾಧಾನಪಟ್ಟುಕೊಂಡಳು. ಮುಂದಿನ ವಾರ ಮಂಗಳವಾರ ಬೆಳಿಗ್ಗೆ ಅಂಚೆಯವನು ಚನ್ನಪಟ್ಟಣದ ಶಿಶು ಅಭಿವೃದ್ಧಿ ಕಚೇರಿಯ ಪತ್ರ ತಂದ. ಗುರುವಾರ ಬೆಳಿಗ್ಗೆ ಹತ್ತೂವರೆಗೆ ಮೂಲ ಅಂಕಪಟ್ಟಿ ಹಾಜರುಪಡಿಸತಕ್ಕದ್ದು. ತಪ್ಪಿದಲ್ಲಿ ಮುಂದಿನ ಅಭ್ಯರ್ಥಿಯನ್ನು ಪರಿಗಣಿಸಲಾಗುವುದು. ಭಾಗ್ಯ ಪತ್ರವನ್ನು ದೇವರ ಮುಂದೆ ಇಟ್ಟು, ಬೀರು ತೆಗೆದು, ಕವರು ಬಿಡಿಸಿದಳು.

ನಾನು ಆ ವಾರ ಬಿದ್ದಿದ್ದ ರಾತ್ರಿ ಪಾಳಿ ಮುಗಿಸಿ ಬಂದು ಅವಲಕ್ಕಿ ತಿನ್ನುತ್ತಿದ್ದೆ. ಅವಳು ಖಾಲಿ ಕವರನ್ನು ನನ್ನ ತಟ್ಟೆಯ ಪಕ್ಕ ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಏನೂ ಯೋಚಿಸಬೇಡ ಎಂದು ನಾನು ಕಂಪ್ಯೂಟರು ಹಾಕಿದೆ. ಪುಣ್ಯಕ್ಕೆ ಕರೆಂಟಿತ್ತು. ಫ್ಲಾಪಿ ತೂರಿಸಿ ಅಂಕಪಟ್ಟಿ ತೆರೆದೆ. ಪರದೆಯ ಮೇಲೆ ಅಂಚೆಚೀಟಿಯಷ್ಟು ದೊಡ್ಡದಾಗಿ ಸೊಗಸಾಗಿ ಬಂತು. ದೊಡ್ಡದು ಮಾಡಿ ಎಂದಳು. ದೊಡ್ಡದು ಮಾಡಿದೆ. ಮೊಹರು ಇದ್ದಲ್ಲಿ ಒಂದು ಮೋಡ. ಹೆಸರಿದ್ದಲ್ಲಿ ಇರುವೆ ಸಾಲು. ಗಣಿತದಲ್ಲಿ ಅವಳು ಪಡೆದಿದ್ದ ಅಂಕ ಎಂಬತ್ತೇಳೋ ಹದಿನೇಳೋ ಎಂದು ಹೇಳಲು ಬರುವಂತಿರಲಿಲ್ಲ. ಸಾವಿರ ವರ್ಷ ಹಾಗೇ ಇರುತ್ತದೆ ಎಂದಿದ್ದೆನಲ್ಲ, ಹಾಗೇ ಇರುತ್ತದೆ, ಅನುಮಾನವಿಲ್ಲ!

ಭಾಗ್ಯ ಪರದೆಯನ್ನು ತುಂಬ ಹೊತ್ತು ನೋಡಿದಳು.

"ಐದ್ ಮೈಲಿ ನಡೆದಿದ್ದೆ ಕಣ್ರೀ ಅದ್ಕೆ," ಎಂದಳು. "ಮಳೇಲೂ ನಡೆದಿದ್ದೆ."

ನನಗೆ ನಿಜವಾಗಿ ಭಯವಾಯಿತು. ಪರೀಕ್ಷಾ ಬೋರ್ಡಿಗೆ ಬರೆದು ನಕಲು ಅಂಕಪಟ್ಟಿ ತರಿಸಬಹುದು, ಆದರೆ ಅದಕ್ಕೆ ತಿಂಗಳುಗಟ್ಟಲೆ ಬೇಕು. ಗುರುವಾರಕ್ಕೆ ಇದ್ದದ್ದು ಎರಡು ದಿನ. ಇಬ್ಬರೂ ಕೆಂಪಮ್ಮನ ಮನೆಗೆ ಓಡಿದೆವು. ಅವ್ವನೂ ನಿಧಾನಕ್ಕೆ ಹಿಂದೆ ಬಂದಳು, ನನಗೆ ಬೀಳುವ ಬೈಗುಳ ತಪ್ಪಿಹೋದೀತೆಂದು.

ಕೆಂಪಮ್ಮ ಹುಳದ ಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ನಾವು ಏದುಸಿರು ಬಿಡುತ್ತಾ ವಿಷಯ ಹೇಳಿದೆವು. ಅವಳು ಬಾಯ ಮೇಲೆ ಬೆರಳಿಟ್ಟಳು.

"ಮೆಲ್ಲುಕ್ ಮಾತಾಡಿ. ಹುಳ ಮೂರ್ನೇ ಜ್ವರಕ್ಕೆ ಕೂತವೆ."

ರೇಷ್ಮೆ ಕಾಣದವರಿಗೆ ಇದನ್ನು ಒಂದಿಷ್ಟು ಬಿಡಿಸಿ ಹೇಳಬೇಕು. ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಒಂದು ಹಗಲು ಒಂದು ರಾತ್ರಿ ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲುಗಾಡದೆ ಕೂತುಬಿಡುತ್ತದೆ. ಅದನ್ನೇ ನಮ್ಮ ಕಡೆ ಜ್ವರ ಎನ್ನುವುದು. ಜ್ವರಕ್ಕೆ ಕೂತ ಹುಳವನ್ನು ಅಲುಗಿಸಿದರೆ ಪೊರೆ ಸಿಕ್ಕಿಕೊಂಡು ಸಾಯುತ್ತದೆ. ತಟ್ಟೆ ಎತ್ತುವಂತಿಲ್ಲ, ತಳ್ಳುವಂತಿಲ್ಲ, ಪಕ್ಕದಲ್ಲಿ ಜೋರಾಗಿ ಕೆಮ್ಮಿದರೂ ಕೆಂಪಮ್ಮ ಸುಮ್ಮನಿರುವುದಿಲ್ಲ. ನನ್ನ ಹೆಂಡತಿಯ ಅಂಕಪಟ್ಟಿ ಅಂಥ ಮೂವತ್ತು ತಟ್ಟೆಗಳಲ್ಲಿ ಯಾವುದೋ ಒಂದರ ತಳದಲ್ಲಿತ್ತು. ಆ ತಟ್ಟೆಗಳ ಮೇಲೆ ಸಾವಿರಾರು ಜೀವಗಳು ಜ್ವರದಲ್ಲಿ ಕೂತಿದ್ದವು. ಸರ್ಕಾರಕ್ಕೆ ಗುರುವಾರದ ಅವಸರ, ಹುಳಕ್ಕೆ ಯಾವ ಅವಸರವೂ ಇರಲಿಲ್ಲ.

ಯಾವಾಗ ಏಳುತ್ತವೆ ಎಂದು ಕೇಳಿದೆ. ನಾಳೆ ಮಧ್ಯಾಹ್ನ, ಇಲ್ಲ ಸಂಜೆ, ಅವು ಗಡಿಯಾರ ಕಟ್ಟಿಕೊಂಡಿಲ್ಲ ಎಂದಳು. ಹಾಗಾದರೆ ಯಾವ ತಟ್ಟೆ ಎಂದಾದರೂ ನೋಡಿಕೊಳ್ಳುತ್ತೇನೆ, ಒಳಗೆ ಬಿಡು ಎಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಫ್ಯಾಕ್ಟರಿಯ ಎಣ್ಣೆ ವಾಸನೆ, ತಲೆಗೆ ಹಚ್ಚಿದ ಸುಗಂಧ ತೈಲ, ಜೇಬಿನಲ್ಲಿ ಅಡಿಕೆಪುಡಿ. ಹುಳದ ಮನೆಗೆ ಇವೆಲ್ಲ ವಿಷ. ಬಾವಿಕಟ್ಟೆಯಲ್ಲಿ ಸೋಪಿಲ್ಲದೆ ಸ್ನಾನ ಮಾಡಿಸಿದರು. ಒದ್ದೆ ಪಂಚೆ ಉಡಿಸಿದರು. ಕಾಲಿಗೆ ಸುಣ್ಣದ ನೀರು ಹಾಕಿದರು. ದಾಖಲೆ ವಿಭಾಗದ ಗುಮಾಸ್ತ ಮದುಮಗನಂತೆ ಒಳಗೆ ಹೆಜ್ಜೆಯಿಟ್ಟ.

ಬೊಂಬಿನ ಅಡ್ಡೆಗಳ ಮೇಲೆ ಒಂದರ ಮೇಲೊಂದು ತಟ್ಟೆ ಜೋಡಿಸಿದ್ದರು. ಮೇಲಿನಿಂದ ನೋಡಿದರೆ ಹುಳ ಮಾತ್ರ, ತಳ ನೋಡಬೇಕಾದರೆ ಕೆಳಗೆ ಮಲಗಬೇಕು. ಮಲಗಿದೆ. ಕೈಯಲ್ಲಿ ಟಾರ್ಚು. ಅಡ್ಡೆಗೆ ಮೈ ತಗಲಿಸಕೂಡದು, ಉಸಿರು ಮೆಲ್ಲಗೆ ಬಿಡಬೇಕು ಎಂದು ಕೆಂಪಮ್ಮ ಬಾಗಿಲಿನಿಂದಲೇ ಅಪ್ಪಣೆ ಕೊಡುತ್ತಿದ್ದಳು. ಲಾರಿಯ ಅಡಿಗೆ ಹೋದ ಮೆಕ್ಯಾನಿಕ್ಕಿನಂತೆ ಬೆನ್ನ ಮೇಲೆ ತೆವಳುತ್ತಾ ಒಂದೊಂದೇ ತಳ ಓದತೊಡಗಿದೆ. ನಮ್ಮಪ್ಪ ಕಟ್ಟಿದ ಕಂದಾಯ ಸಿಕ್ಕಿತು. ಎಮ್ಮೆಯ ವಿಮೆ ಸಿಕ್ಕಿತು. ನನ್ನದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೂ ಸಿಕ್ಕಿತು. ವಿಜ್ಞಾನದಲ್ಲಿ ಮೂವತ್ತೈದು ಎಂದು ನೋಡಿ, ಅದು ಅಲ್ಲೇ ಇರಲಿ ಎಂದು ಮುಂದೆ ತೆವಳಿದೆ.

ಹೀಗೆ ಓದುತ್ತಾ ಹೋದಂತೆ ಒಂದು ಸಂಗತಿ ನನ್ನ ಮಂದಬುದ್ಧಿಗೆ ಹೊಳೆಯಿತು. ಎಲ್ಲ ಕಾಗದವನ್ನೂ ಓದಲು ಆಗುತ್ತಿತ್ತು. ಒಂದಾದರೂ ತಿರುಗಾಮುರುಗಾ ಅಂಟಿರಲಿಲ್ಲ. ಖಾಲಿ ಬೆನ್ನಿಗೇ ಅಂಟು, ಅಕ್ಷರವೆಲ್ಲ ಈಚೆಗೆ. ಓದು ಬಾರದ ಕೆಂಪಮ್ಮನಿಗೆ ಇದು ಹೇಗೆ ಸಾಧ್ಯವಾಯಿತು ಎಂದು ಕೆಳಗಿನಿಂದಲೇ ಕೇಳಿದೆ.

"ಅಕ್ಸರ ಅಂದ್ರೆ ಸರಸ್ವತಿ ಅಲ್ವೇನಪ್ಪಾ," ಎಂದಳು. "ಅವ್ಳ್ ಮಕಕ್ಕೆ ಅಂಟು ಸಗಣಿ ಮೆತ್ತಕ್ಕಾದದಾ? ನಂಗ್ ಓದಕ್ ಬರಾಕಿಲ್ಲ, ಮಕ ಯಾವ್ದು ಬೆನ್ನು ಯಾವ್ದು ಅಂತ ಕಾಣಾಕಿಲ್ವಾ?"

ನಾನು ಆ ನೆಲದ ಮೇಲೆ ಅಂಗಾತ ಮಲಗಿದ್ದೆ, ಒದ್ದೆ ಪಂಚೆಯಲ್ಲಿ. ಓದು ಬಂದವನು ಹೊಟ್ಟು ಎಂದು ಸುರಿದ ಕಾಗದವನ್ನು ಓದು ಬಾರದವಳು ಮುಖ ನೋಡಿ ಅಂಟಿಸಿದ್ದಳು. ಕಣ್ಣಲ್ಲಿ ನೀರು ಬಂತು. ಮೇಲಿನಿಂದ ಸುಣ್ಣದ ಪುಡಿ ಬಿತ್ತು ಎಂದು ಹೇಳಿಕೊಂಡೆ.

ಅಂಕಪಟ್ಟಿ ಸಿಕ್ಕಿದ್ದು ಇಪ್ಪತ್ತೆರಡನೇ ತಟ್ಟೆಯಲ್ಲಿ. ನಟ್ಟ ನಡುವೆ ಇತ್ತು. ಭಾಗ್ಯಳ ಹೆಸರು, ಅವಳಪ್ಪನ ಹೆಸರು, ಮೊಹರು, ಗಣಿತದ ಎಂಬತ್ತೇಳು, ಎಲ್ಲವೂ ಇದ್ದ ಹಾಗೇ ಇತ್ತು. ಸಿಕ್ತು ಎಂದು ಕೂಗಬೇಕೆನಿಸಿತು. ಕೂಗುವಂತಿರಲಿಲ್ಲ. ಪಿಸುಮಾತಿನಲ್ಲಿ ಹೇಳಿದೆ. ಬಾಗಿಲಲ್ಲಿ ನಿಂತಿದ್ದ ಭಾಗ್ಯ ಅಲ್ಲೇ ಕುಸಿದು ಕೂತು, ಕೆಂಪಮ್ಮನ ಸೆರಗು ಹಿಡಿದುಕೊಂಡಳು.

ಬುಧವಾರ ಫ್ಯಾಕ್ಟರಿಗೆ ರಜೆ ಹಾಕಿ ಹುಳಗಳ ಆರೋಗ್ಯ ವಿಚಾರಿಸುತ್ತಾ ಕೂತೆ. ನನ್ನ ಮಕ್ಕಳಿಗೆ ಜ್ವರ ಬಂದಾಗಲೂ ನಾನು ಅಷ್ಟು ಸಲ ಎದ್ದು ನೋಡಿದವನಲ್ಲ ಎಂದು ಅವ್ವ ಊರಿಗೆಲ್ಲ ಹೇಳಿದಳು. ಮಧ್ಯಾಹ್ನ ಏಳಲಿಲ್ಲ. ಮೂರು ಗಂಟೆಗೂ ಏಳಲಿಲ್ಲ. ಇಳಿಹೊತ್ತಿಗೆ ಒಂದು ಹುಳ ತಲೆಯಾಡಿಸಿತು, ಆಮೇಲೆ ಹತ್ತು, ಆಮೇಲೆ ತಟ್ಟೆಗೆ ತಟ್ಟೆಯೇ ಹರಿದಾಡಿತು. ನಿಯಮದ ಪ್ರಕಾರ ಎಲ್ಲವೂ ಎದ್ದ ಮೇಲೆಯೇ ಸೊಪ್ಪು ಹಾಕಬೇಕು. ಕೆಂಪಮ್ಮ ಕೊನೆಯ ಹುಳ ಏಳುವವರೆಗೂ ಕಾದು, ಇಪ್ಪತ್ತೆರಡನೇ ತಟ್ಟೆಗೆ ಎಳೆಸೊಪ್ಪು ಹರಡಿದಳು. ಹುಳಗಳು ಸೊಪ್ಪಿಗೆ ಹತ್ತಿಕೊಂಡವು. ಅವಳೂ ಭಾಗ್ಯಳೂ ಎದುರುಬದುರು ಕೂತು ಒಂದೊಂದೇ ಎಲೆ ಎತ್ತಿ, ಹುಳಸಮೇತ ಬೇರೆ ತಟ್ಟೆಗೆ ದಾಟಿಸಿದರು. ಹುಳ ಆಗಷ್ಟೇ ಜ್ವರದಿಂದ ಎದ್ದ ಹೊತ್ತಿನಲ್ಲಿ ಇಂಥ ಕೆಲಸ ಯಾರೂ ಮಾಡುವುದಿಲ್ಲ. ಕೆಂಪಮ್ಮ ಒಂದು ಮಾತೂ ಆಡದೆ ಮಾಡಿದಳು. ನನ್ನನ್ನು ಹತ್ತಿರ ಬಿಡಲಿಲ್ಲ, ಅಷ್ಟೇ.

ಇನ್ನೇನು, ಕಾಗದ ಬಿಡಿಸಿಕೊಂಡರಾಯಿತು ಎಂದು ನಾನು ಉಗುರು ಹಾಕಲು ಹೋದೆ. ಮೂವರು ಹೆಂಗಸರೂ ಒಟ್ಟಿಗೆ ನನ್ನ ಕೈ ಹಿಡಿದರು. ಕೆಂಪಮ್ಮ ಬಳಸಿದ್ದು ಹುಣಸೆಬೀಜ ಅರೆದು ಕಾಯಿಸಿದ ಅಂಟು. ಅದು ಒಣಗಿದರೆ ಬಿದಿರು ಕಿತ್ತು ಬರುತ್ತದೆಯೇ ಹೊರತು ಕಾಗದ ಬರುವುದಿಲ್ಲ. ನೆನೆಸಿದರೆ ಮಸಿ ಕದಡುತ್ತದೆ. ಕತ್ತರಿಸಿದರೆ ಮೊಹರಿನ ಅಂಚು ಹೋಗುತ್ತದೆ. ಸಭೆ ಸೇರಿ ಒಂದು ತೀರ್ಮಾನಕ್ಕೆ ಬಂದೆವು. ಕಾಗದ ತಟ್ಟೆಯನ್ನು ಬಿಟ್ಟು ಬಾರದಿದ್ದರೆ ತಟ್ಟೆಯೇ ಕಾಗದದ ಜೊತೆ ಬರಲಿ.

ನಾಲ್ಕು ಅಡಿ ಅಗಲದ ಮೂಲಪ್ರತಿಯನ್ನು ಸರ್ಕಾರಿ ಕಚೇರಿಗೆ ಒಯ್ಯುವುದು ಹೇಗೆ ಎಂಬ ಬಗ್ಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಗುರುವಾರ ಬೆಳಿಗ್ಗೆ ಬೈಕಿನಲ್ಲಿ ಹೊರಟೆವು. ಹಿಂದೆ ಭಾಗ್ಯ ತಟ್ಟೆಯನ್ನು ಎದೆಗವಚಿಕೊಂಡು ಕೂತಳು. ಊರಾಚೆ ಗಾಳಿ ಬೀಸಿತು. ತಟ್ಟೆ ಗಾಳಿಪಟವಾಗಿ, ಬೈಕು ನನ್ನ ಮಾತು ಕೇಳುವುದನ್ನು ಬಿಟ್ಟು, ಮೂವರನ್ನೂ ರಾಗಿ ಹೊಲಕ್ಕೆ ಇಳಿಸಿತು. ಮೂರನೆಯದು ತಟ್ಟೆ. ಅದಕ್ಕೆ ಏನೂ ಆಗಲಿಲ್ಲ, ಏಕೆಂದರೆ ಅದರ ಅಡಿಯಲ್ಲಿ ನಾನಿದ್ದೆ. ಆಮೇಲೆ ಬೈಕನ್ನು ಅಲ್ಲೇ ಬಿಟ್ಟು ಬಸ್ಸಿಗೆ ಕೈ ತೋರಿಸಿದೆವು. ಬಾಗಿಲಲ್ಲಿ ಹಿಡಿಯುವುದಿಲ್ಲ, ಮೇಲೆ ಹಾಕಿ ಎಂದ ಕಂಡಕ್ಟರು. ಅದು ಮೇಲೆ ಹೋದರೆ ನಾನೂ ಮೇಲೆಯೇ ಎಂದಳು ಭಾಗ್ಯ. ಬಸ್ಸು ಹೋಯಿತು. ಕೊನೆಗೆ ರಾಮನಗರದ ಮಾರುಕಟ್ಟೆಗೆ ಗೂಡು ಒಯ್ಯುತ್ತಿದ್ದ ಲಗೇಜ್ ಆಟೊದವನು ನಿಲ್ಲಿಸಿದ. ಹುಳದ ತಟ್ಟೆ ನೋಡಿದವನು ಏನೂ ಕೇಳದೆ ಗೂಡಿನ ಚೀಲ ಸರಿಸಿ ಜಾಗ ಮಾಡಿಕೊಟ್ಟ. ಚನ್ನಪಟ್ಟಣದಲ್ಲಿ ಇಳಿದಾಗ ನನ್ನ ಪ್ಯಾಂಟಿನ ತುಂಬ ಕೆಸರು, ತಲೆಯ ತುಂಬ ರೇಷ್ಮೆ ಎಳೆ.

ಕಚೇರಿಯ ಮುಂದೆ ಹೆಂಗಸರ ಸಾಲು. ಗೂಡಿನ ಮಾರ್ಕೆಟ್ಟು ಇಲ್ಲಲ್ಲ ಕಣಣ್ಣ, ರಾಮನಗರದಲ್ಲಿ ಎಂದು ಒಬ್ಬಳು ದಾರಿ ತೋರಿಸಿದಳು. ಭಾಗ್ಯಳ ಹೆಸರು ಕರೆದಾಗ ಗುಮಾಸ್ತರು ತಲೆಯೆತ್ತದೆ ಮೂಲಪ್ರತಿ ತಂದಿದ್ದೀರಾ ಎಂದು ಕೇಳಿದರು. ತಂದಿದ್ದೇವೆ, ಬಾಗಿಲಲ್ಲಿ ಹಿಡಿಯುತ್ತಿಲ್ಲ ಎಂದೆ. ಅವರು ತಲೆಯೆತ್ತಿದರು.

ಇದನ್ನು ಅಂಕಪಟ್ಟಿ ಎಂದು ಒಪ್ಪಲು ಸಾಧ್ಯವೇ ಇಲ್ಲ, ಕಡತಕ್ಕೆ ತಟ್ಟೆ ಸೇರಿಸಲು ನಿಯಮದಲ್ಲಿ ಅವಕಾಶವಿಲ್ಲ ಎಂದರು ಅವರು. ಮೂಲಪ್ರತಿಯನ್ನು ಕಡತಕ್ಕೆ ಸೇರಿಸುವುದಿಲ್ಲ, ನೋಡಿ ವಾಪಸು ಕೊಡುವುದಷ್ಟೇ ಎಂದು ನಾನು ವಾದಿಸಿದೆ. ನಾವಿಬ್ಬರೂ ಗುಮಾಸ್ತರಾದ್ದರಿಂದ ವಾದ ಮುಗಿಯುವ ಲಕ್ಷಣ ಕಾಣಲಿಲ್ಲ. ಭಾಗ್ಯ ನಮ್ಮಿಬ್ಬರನ್ನೂ ಬಿಟ್ಟು, ಬಾಗಿಲಾಚೆ ತಟ್ಟೆಯನ್ನು ಗೋಡೆಗೆ ಒರಗಿಸಿ, ಅದರ ಪಕ್ಕ ನೆಟ್ಟಗೆ ನಿಂತಳು. ಗಲಾಟೆ ಕೇಳಿ ಒಳಗಿನಿಂದ ಅಧಿಕಾರಿ ಎದ್ದು ಬಂದರು. ವಯಸ್ಸಾದ ಹೆಣ್ಣುಮಗಳು, ಮೂಗಿನ ತುದಿಯಲ್ಲಿ ಕನ್ನಡಕ. ತಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಝೆರಾಕ್ಸ್ ಹಿಡಿದು, ನೋಂದಣಿ ಸಂಖ್ಯೆಯಿಂದ ಕೊನೆಯ ಅಂಕದವರೆಗೆ ಬೆರಳಿಟ್ಟು ತಾಳೆ ನೋಡಿದರು.

ಅಂಟಿಸಿದವರು ಯಾರು, ಇಷ್ಟು ನೀಟಾಗಿ ಅಕ್ಷರ ಕಾಣುವ ಹಾಗೆ ಅಂಟಿಸಿದ್ದಾರಲ್ಲ ಎಂದು ಕೇಳಿದರು. ಭಾಗ್ಯ ಹೇಳಿದಳು. ಓದು ಬರಾಕಿಲ್ಲ ಮೇಡಂ ಅವರಿಗೆ, ಸರಸ್ವತಿ ಮಕಕ್ಕೆ ಅಂಟು ಹಚ್ಚಬಾರದು ಅಂತ ಹಿಂಗ್ ಮಾಡವ್ರೆ, ಎಂದಳು. ಅಧಿಕಾರಿ ಕಾಗದದ ಅಂಚನ್ನು ಬೆರಳಿನಿಂದ ಒಮ್ಮೆ ಸವರಿದರು. ಆಮೇಲೆ ಝೆರಾಕ್ಸಿನ ಮೇಲೆ "ಮೂಲದೊಂದಿಗೆ ಪರಿಶೀಲಿಸಲಾಗಿದೆ" ಎಂದು ತಾವೇ ಬರೆದು ಸಹಿ ಹಾಕಿದರು.

ಏಳುವಾಗ ನನ್ನ ಕಡೆ ತಿರುಗಿ, "ನೀವೇನು ಕೆಲಸ ಮಾಡ್ತೀರಾ?" ಎಂದರು.

"ದಾಖಲೆ ಜೋಪಾನ ಮಾಡೋ ಕೆಲಸ ಮೇಡಂ," ಎಂದೆ.

ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಗುಮಾಸ್ತರೂ ನಕ್ಕರು. ತಡೆಯಲಾರದೆ ಭಾಗ್ಯಳೂ ನಕ್ಕಳು. ಮೂರು ದಿನದಿಂದ ನಗದವಳು ನಕ್ಕಳಲ್ಲ, ಇನ್ನು ಯಾರು ಎಷ್ಟು ಬೇಕಾದರೂ ನಗಲಿ ಎನಿಸಿತು.

ಅಂಗನವಾಡಿ ಭಾಗ್ಯಳಿಗೇ ಸಿಕ್ಕಿತು. ಈಗ ಅವಳು ಊರಿನ ಮಕ್ಕಳಿಗೆಲ್ಲ ಟೀಚರಮ್ಮ. ಕೆಂಪಮ್ಮನಿಗೆ ನಾನು ಆರು ಹೊಸ ತಟ್ಟೆ ತಂದುಕೊಟ್ಟೆ. ಅವಳು ಐದನ್ನು ಹಿಂದಕ್ಕೆ ಕಳಿಸಿ, ನಿನ್ನಿಂದ ಒಂದೇ ತಾನೇ ಹೋಗಿದ್ದು ಎಂದಳು. ಆ ಸಲ ಅವಳಿಗೆ ಗೂಡು ಚೆನ್ನಾಗಿಯೇ ಆಯಿತು. ಆಗದೆ ಹೋಗಿದ್ದರೆ ನಾನು ಆ ಬೀದಿಯಲ್ಲಿ ತಲೆಯೆತ್ತಿ ನಡೆಯುತ್ತಿರಲಿಲ್ಲ. ಅವಳಿಗೆ ಥ್ಯಾಂಕ್ಸ್ ಹೇಳಲು ಎರಡು ಸಲ ಹೋದೆ. ಎರಡು ಸಲವೂ ಅವಳು ನನ್ನ ತಲೆಯ ಮೇಲೆ ಸೊಪ್ಪಿನ ಹೊರೆ ಹೊರಿಸಿ ತೋಟದಿಂದ ಮನೆಗೆ ಕಳಿಸಿದಳು. ಅದೇ ಸರಿಯಾದ ಥ್ಯಾಂಕ್ಸ್ ಎಂದು ಈಗ ನನಗೂ ಗೊತ್ತಾಗಿದೆ.

ನೇಮಕದ ಆದೇಶ ಅಂಚೆಯಲ್ಲಿ ಬಂದ ದಿನ ನಾನು ಅದನ್ನು ಓದಲೆಂದು ಕೈ ಚಾಚಿದೆ. ಭಾಗ್ಯ ಅದನ್ನು ಎತ್ತಿ ಹಿಡಿದು ದೂರದಿಂದಲೇ ಓದಿಸಿದಳು. ಓದಿಯಾದ ಮೇಲೆ ಮಡಿಚಿಕೊಂಡು ನೇರ ಕೆಂಪಮ್ಮನ ಮನೆಗೆ ಹೋಗಿ, ಅವಳ ಮರದ ಪೆಟ್ಟಿಗೆಯಲ್ಲಿ ಇಟ್ಟು ಬಂದಳು. ಆ ದಿನದಿಂದ ಒಂದೊಂದಾಗಿ ಮಕ್ಕಳ ಜನನ ಪತ್ರ, ಪಡಿತರ ಚೀಟಿ, ಕಡೆಗೆ ಅವ್ವನ ದಿಂಬಿನಲ್ಲಿದ್ದ ಜಮೀನಿನ ಪತ್ರಗಳೂ ಅಲ್ಲಿಗೇ ಹೋದವು. ನಮ್ಮ ಮನೆಯಲ್ಲಿ ಈಗ ಒಂದು ಕಾಗದವೂ ಇಲ್ಲ. ನಾನು ಬಯಸಿದ್ದು ಅದೇ ಆದ್ದರಿಂದ ದೂರುವಂತೆಯೂ ಇಲ್ಲ.

ಮೊನ್ನೆ ಫ್ಯಾಕ್ಟರಿಯಲ್ಲಿ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೇಳಿದರು. ಕೆಂಪಮ್ಮನ ಹತ್ತಿರ ಹೋಗಿ ಚಿಕ್ಕಮ್ಮಾ, ನನ್ನ ತಟ್ಟೆ ಒಸಿ ಕೊಡು, ಸಂಜೆ ತಂದುಕೊಡುತ್ತೇನೆ ಎಂದೆ. ಅವಳು ಸೊಪ್ಪು ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿ, ನನ್ನ ಮುಖವನ್ನೊಮ್ಮೆ ನೋಡಿದಳು.

"ಭಾಗ್ಯನ್ನ ಕಳ್ಸು," ಎಂದಳು. "ಅವ್ಳ್ ಕೈಗ್ ಕೊಡ್ತೀನಿ."